ಎರಡು ಹೂಂ

ಅವನು ಟೇಲರ್ ಅನ್ನುವುದೇನೋ ನಿಜ, ಆದರೆ ಹೊಸ ಬಟ್ಟೆ ಹೊಲಿಯುವವನಲ್ಲ. ಆಲ್ಟರೇಶನ್‌ನವನು. ಉದ್ದ ಇದ್ದದ್ದನ್ನು ಗಿಡ್ಡ ಮಾಡು, ಸೊಂಟ ಬಿಗಿಯಾದರೆ ಬಿಡಿಸು, ಜಿಪ್ಪು ಕಿತ್ತುಹೋಗಿದ್ದರೆ ಹಾಕಿಕೊಡು. ಮೂವತ್ತು ವರ್ಷ ಇದನ್ನೇ ಮಾಡಿದ. ಬೀದಿಯವರಿಗೆಲ್ಲ ಅವನು ಟೇಲರ್, ನೆಂಟರಿಗೂ ಟೇಲರ್. ನಾವೂ ಹಾಗೇ ಕರೆಯೋಣ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಒಳಗಿನ ಕೋಣೆಯಲ್ಲಿ ಅತ್ತೆಯ ಮಂಚ. ನಡುವೆ ಬಾಗಿಲಿತ್ತು, ಆದರೆ ಹನ್ನೊಂದು ವರ್ಷದಿಂದ ಅದನ್ನು ಮುಚ್ಚಿದ್ದೇ ಇಲ್ಲ. ಅತ್ತೆಗೆ ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ನಾಲಗೆಗೆ ಮಾತ್ರ ಏನೂ ಆಗಿರಲಿಲ್ಲ, ಅದು ಮೊದಲಿಗಿಂತ ಚುರುಕಾಗಿತ್ತು. ಹೆಂಡತಿ ರೈಲ್ವೆ ರಿಸರ್ವೇಶನ್ ಕೌಂಟರಿನಲ್ಲಿ ಗುಮಾಸ್ತೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಮತ್ತೆ ಮುಖ ತೋರಿಸುವುದು ಸಂಜೆ ಐದಕ್ಕೆ. ಹಾಗಾಗಿ ಅತ್ತೆಯ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಇಡುವುದು, ತಲೆ ಬಾಚುವುದು ಎಲ್ಲ ಟೇಲರ್ ಪಾಲಿಗೆ ಬಂತು. ಗಂಡಸಾಗಿ ಇದನ್ನೆಲ್ಲ ಮಾಡ್ತಾನಲ್ಲ ಎಂದು ಮೂಗು ಮುರಿದವರೂ ಇದ್ದರು. ಮೂಗು ಮುರಿದವರು ಯಾರೂ ಒಂದು ದಿನ ಬಂದು ಬೆಡ್‌ಪ್ಯಾನ್ ಎತ್ತಿಕೊಡಲಿಲ್ಲ ಅನ್ನಿ. ಅವನು ಅತ್ತೆಯ ನೈಟಿಗಳ ಬೆನ್ನು ಸೀಳಿ, ಹಾಕಲು ತೆಗೆಯಲು ಸುಲಭವಾಗಲಿ ಎಂದು ಲಾಡಿ ಹೊಲಿದಿದ್ದ.

ಅತ್ತೆ ಅವನನ್ನು ಅಳಿಯ ಎಂದು ಒಂದು ದಿನವೂ ಕರೆದವಳಲ್ಲ. "ಟೇಲರ್ರೇ, ನನ್ನೇನು ಪ್ಯಾಂಟು ಅಂದ್ಕೊಂಡ್ರಾ? ಹಿಂಗೆ ಮಡಚ್ತೀರಲ್ಲ!" ಅನ್ನುವಳು. "ಸುಮ್ನಿರಿ ಅತ್ತೆ, ಇಸ್ತ್ರಿ ಮಾಡ್ತಿಲ್ಲವಲ್ಲ, ಸಂತೋಷಪಡಿ" ಅನ್ನುವನು ಅವನು. ಇಬ್ಬರಿಗೂ ಅದರಲ್ಲೇ ಖುಷಿ.

ಅತ್ತೆ ತೀರಿಕೊಂಡ ದಿನ ಬೆಳಿಗ್ಗೆ ಮಗಳಿಗೆ, "ಪುಟ್ಟೀ, ಇವತ್ತೊಂದಿನ ರಜ ಹಾಕೇ" ಅಂದಿದ್ದಳು. ಪುಟ್ಟಿಗೆ ಆಗ ನಲವತ್ತೆಂಟು. "ನಾಳೆ ಹಾಕ್ತೀನಮ್ಮ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅಮ್ಮ ಗೋಡೆಯ ಕಡೆ ಮುಖ ಮಾಡಿದಳು.

ಮಧ್ಯಾಹ್ನ ಮೂರೂವರೆಗೆ ಟೇಲರ್ ಮಿಶನ್ ಮೇಲಿದ್ದ. ಸಂದರ್ಶನಕ್ಕೆ ಹೊರಟಿದ್ದವನೊಬ್ಬನ ಪ್ಯಾಂಟು, ನಾಲ್ಕಕ್ಕೆ ಕೊಡಲೇಬೇಕು. ಒಂದು ಕಾಲು ಮುಗಿದಿತ್ತು. ಒಳಗಿನಿಂದ ಅತ್ತೆ ಕೂಗಿದಳು: "ಪುಟ್ಟೀ." ಅವನು, "ಐದಕ್ಕೆ ಬರ್ತಾಳೆ, ಇರಿ ಅತ್ತೆ" ಅಂದ. ಮತ್ತೆ "ಪುಟ್ಟೀ" ಅಂದಳು. ತನ್ನನ್ನೇನೂ ಕರೆಯುತ್ತಿಲ್ಲವಲ್ಲ ಎಂದು ಅವನು ಎರಡನೆಯ ಕಾಲಿಗೆ ಕೈಹಾಕಿದ. ಮೂರನೆಯ ಸಲ ಕೂಗಿದ್ದು ಮಿಶನ್ ಸದ್ದಿನಲ್ಲಿ ಸಣ್ಣಗೆ ಕೇಳಿಸಿತು. ಕಾಲು ಮುಗಿಸಿ, ದಾರ ಕತ್ತರಿಸಿ ಒಳಗೆ ಹೋದಾಗ ಅತ್ತೆಯ ಉಸಿರು ನಿಂತಿತ್ತು. ಕಣ್ಣು ಬಾಗಿಲ ಕಡೆ ಇತ್ತು.

ಫೋನ್ ಮಾಡಿದ. ಹೆಂಡತಿ ಕೌಂಟರಿನಿಂದಲೇ ಕಿರುಚಿದಳು: "ಜೊತೇಲಿದ್ರಾ ನೀವು?"

"ಹೂಂ."

"ಕೈ ಹಿಡ್ಕೊಂಡಿದ್ರಾ?"

"ಹೂಂ."

ಅವನು ಹೇಳಿದ ಸುಳ್ಳು ಎಂದರೆ ಇಷ್ಟೇ, ಎರಡು ಹೂಂ. ಹೇಳಿದ ಮೇಲೆ ಅವನಿಗೆ ಅಳು ಬರಲಿಲ್ಲ, ಸಂಕಟವೂ ಆಗಲಿಲ್ಲ. ಏನೂ ಆಗಲಿಲ್ಲ. ಒಂದು ವಾರದ ಮೇಲೆ ಸೂಜಿ ಬೆರಳಿಗೆ ಇಳಿದಾಗ ಬಟ್ಟೆ ಕೆಂಪಾದದ್ದು ನೋಡಿ, ಓ ಚುಚ್ಚಿಕೊಂಡೆ ಎಂದು ತಿಳಿದುಕೊಂಡ. ಅಷ್ಟು ಮರಗಟ್ಟಿಹೋಗಿದ್ದ. ಬಂದ ನೆಂಟರೆಲ್ಲ ಹೆಂಡತಿಯನ್ನು ತಬ್ಬಿಕೊಂಡು ಅತ್ತರು. ಅವನಿಗೆ, "ಇನ್ನು ನಿಮಗೆ ಆರಾಮ ಬಿಡಿ" ಅಂದರು. ಎಂಥ ಜನ ನೋಡಿ!

ನಾಲ್ಕು ತಿಂಗಳ ಮೇಲೆ ಹೆಂಡತಿ ಬೆನ್ನಿಗೆ ಹಾಕುವ ದೊಡ್ಡ ಬ್ಯಾಗುಗಳನ್ನು ಎರಡು ತಂದು ಅವನ ಮಿಶನ್ ಪಕ್ಕ ಇಟ್ಟಳು. ಗುಡ್ಡೆಬಿದ್ದ ರಜ ಇದೆ, ಬಿಸಿಲಿನ ದೇಶಗಳಿಗೆ ಹೋಗೋಣ, ಸಮುದ್ರ, ಕಾಡು, ದ್ವೀಪ, ಸಿಕ್ಕಿದ್ದನ್ನು ನೋಡೋಣ ಅಂದಳು.

"ಎಲ್ಲಿ ಇಳ್ಕೊಳ್ಳೋದು?"

"ಹೋದ್ಮೇಲೆ ನೋಡೋಣ."

"ಎಷ್ಟು ದಿನ?"

"ಸಾಕು ಅನ್ನಿಸೋವರೆಗೆ. ರೀ, ಇಪ್ಪತ್ತೆರಡು ವರ್ಷ ಊರವರಿಗೆಲ್ಲ ಕಿಟಕಿ ಪಕ್ಕದ ಸೀಟು ಹುಡುಕಿಕೊಟ್ಟಿದೀನಿ. ನಾನು ಮಾತ್ರ ಈ ಜನ್ಮದಲ್ಲಿ ಮುಂಚೆನೇ ಒಂದು ಸೀಟೂ ಬುಕ್ ಮಾಡಲ್ಲ."

ಅವನು ಆಯ್ತು ಅಂದ. ಬೇಡ ಅನ್ನಲಿಕ್ಕೂ ಏನಾದರೂ ಅನ್ನಿಸಬೇಕಲ್ಲ.

ಮೊದಲ ದೇಶದಲ್ಲಿ ವಿಮಾನದಿಂದ ಇಳಿದು ಯಾವ ಬಸ್ಸು ಮುಂದೆ ನಿಂತಿತ್ತೋ ಅದನ್ನೇ ಹತ್ತಿದರು. ಅದು ಹೋಗಿ ನಿಂತದ್ದು ಒಂದು ಸಿಮೆಂಟ್ ಕಾರ್ಖಾನೆಯ ಮುಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುದಿನ ದಾರಿಹೋಕನೊಬ್ಬ ಕೈ ತೋರಿಸಿದ ಕಡೆ ನಡೆದು ಸಮುದ್ರ ಸೇರಿದರು. ಅವಳು ಚೂಡಿದಾರದಲ್ಲೇ ನೀರಿಗೆ ಧುಮುಕಿದಳು. ಅವನು ಮೊಣಕಾಲುದ್ದ ನೀರಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ನಿಂತವನ ಹಾಗೆ ನಿಂತಿದ್ದ. ಚೆನ್ನಾಗಿದೆಯಾ ಎಂದು ಕೇಳಿದರೆ ಚೆನ್ನಾಗಿದೆ ಅಂದ. ನೀರು ಬೆಚ್ಚಗಿದೆಯೋ ತಣ್ಣಗಿದೆಯೋ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಇಳಿದುಕೊಳ್ಳುತ್ತಿದ್ದದ್ದು ಒಂದು ಕೋಣೆಗೆ ಎಂಟು ಹಾಸಿಗೆಯ, ಒಂದರ ಮೇಲೊಂದು ಮಂಚದ ವಸತಿಗಳಲ್ಲಿ. ಗೋಡೆಗೆ ಒದ್ದೆ ಟವೆಲ್ಲುಗಳು, ಕಿರುಗುಟ್ಟುವ ಫ್ಯಾನು, ಸೊಳ್ಳೆ ಔಷಧಿಯ ವಾಸನೆ. ಪಕ್ಕದ ಮಂಚದವರೆಲ್ಲ ಇಪ್ಪತ್ತೈದರ ಹುಡುಗ ಹುಡುಗಿಯರು. ಇವಳು ಅರ್ಧ ಗಂಟೆಯಲ್ಲಿ ಅವರಿಗೆಲ್ಲ ದೊಡ್ಡಮ್ಮ ಆಗಿಬಿಡುವಳು. ನೀವು ಯಾಕೆ ಈ ವಯಸ್ಸಿನಲ್ಲಿ ಬಂದಿರಿ ಎಂದು ಅವರು ಕೇಳುವರು. ಇವಳು ಕಾಲು ಭಾಗ ಇಂಗ್ಲಿಷಿನಲ್ಲಿ, ಮುಕ್ಕಾಲು ಕೈಸನ್ನೆಯಲ್ಲಿ ಶುರು ಮಾಡುವಳು. ಅಮ್ಮ. ಹನ್ನೊಂದು ವರ್ಷ ಹಾಸಿಗೆ. ನೋಡಿಕೊಂಡದ್ದು ಮಗಳಲ್ಲ, ಈ ನನ್ನ ಗಂಡ. ಅಮ್ಮ ಪ್ರಾಣ ಬಿಟ್ಟದ್ದೂ ಇವರ ಕೈ ಹಿಡಿದುಕೊಂಡೇ. ಹಾಗೆಂದು ಅವನ ಬಲಗೈ ಎತ್ತಿ ತನ್ನ ಎರಡೂ ಕೈಯಲ್ಲಿ ಹಿಡಿದು ತೋರಿಸುವಳು.

ಒಂದು ಕಡೆ ಹೇಳಿದ್ದರೆ ಹೋಗಲಿ. ಅವಳು ದೋಣಿಯಲ್ಲಿ ಹೇಳಿದಳು, ಬಸ್ಸಿನಲ್ಲಿ ಹೇಳಿದಳು, ಹಣ್ಣಿನ ಅಂಗಡಿಯಲ್ಲಿ ಹೇಳಿದಳು. ಹೇಳಿದಷ್ಟೂ ಕಥೆ ಬೆಳೆಯಿತು. ಮೊದಲ ದೇಶದಲ್ಲಿ ಅಮ್ಮ ಬರೀ ಕೈ ಹಿಡಿದಿದ್ದಳು. ಎರಡನೆಯ ದೇಶದಲ್ಲಿ ಕಣ್ಣು ತೆರೆದು ಇವನ ಮುಖ ನೋಡಿದಳು. ಮೂರನೆಯದರ ಹೊತ್ತಿಗೆ, ಬದುಕಿದ್ದಾಗ ಒಮ್ಮೆಯೂ ಅನ್ನದವಳು ಕೊನೆಗಳಿಗೆಯಲ್ಲಿ "ಅಳಿಯಾ" ಅಂದಿದ್ದಳು. ಹೆಂಡತಿ ಬೇಕೆಂದು ಉಪ್ಪುಖಾರ ಹಚ್ಚುತ್ತಿರಲಿಲ್ಲ ಪಾಪ, ಹಾಗೇ ನಡೆದದ್ದು ಎಂದು ನಂಬಿಕೊಂಡೇ ಹೇಳುತ್ತಿದ್ದಳು. ಕೇಳಿದವರು ಅವನ ಬೆನ್ನು ತಟ್ಟಿದರು. ಒಬ್ಬ ಮುದುಕಿ ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. ಅವನು ಕೈ ವಾಪಸ್ಸು ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ.

ನಿಜ ಹೇಳಿಬಿಡಬೇಕು ಎಂದು ಅವನಿಗೆ ತಿಳಿದಿತ್ತು. ಆದರೆ ಬಾಯಿಬಿಟ್ಟರೆ ಎರಡು ಮಾತು ಹೊರಗೆ ಬೀಳುತ್ತವೆ. ಒಂದು, ತಾನು ಏಳಲಿಲ್ಲ. ಇನ್ನೊಂದು, ಅತ್ತೆ ಕರೆದದ್ದು ಮಗಳನ್ನು; ರಜ ಹಾಕು ಅಂದರೂ ಹಾಕದೆ ಹೋಗಿ, ಆ ಹೊತ್ತಿನಲ್ಲಿ ಯಾರಿಗೋ ಸೀಟು ಹುಡುಕುತ್ತಿದ್ದ ಮಗಳನ್ನು. ಮೊದಲನೆಯದಕ್ಕೆ ಬೈಗುಳ ತಿಂದುಕೊಂಡಾನು. ಎರಡನೆಯದನ್ನು ಅವಳು ಹೊತ್ತುಕೊಂಡು ಹೇಗೆ ಬದುಕುತ್ತಾಳೆ? ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡು ಮೂರು ದೇಶ ಸುತ್ತಿದ.

ಮೂರನೆಯ ದೇಶದ ಒಂದು ಸಣ್ಣ ಊರಿನ ಬಸ್ ನಿಲ್ದಾಣದಲ್ಲಿ ಅವಳ ಬ್ಯಾಗಿನ ಪಟ್ಟಿ ಕಿತ್ತುಬಂತು. ಎದುರು ಮೆಟ್ಟಿಲ ಕೆಳಗೆ ಒಬ್ಬ ಹೆಂಗಸು ಹೊಲಿಗೆ ಮಿಶನ್ ಇಟ್ಟುಕೊಂಡು ಕೂತಿದ್ದಳು. ಟೇಲರ್ ಹೋಗಿ ತನ್ನೆದೆ ಮುಟ್ಟಿಕೊಂಡು, ಕಾಲು ತುಳಿದು ತೋರಿಸಿದ. ಅವಳಿಗೆ ಅರ್ಥವಾಗಿ ನಗುತ್ತಾ ಸ್ಟೂಲು ಬಿಟ್ಟುಕೊಟ್ಟಳು. ಎರಡು ತಿಂಗಳ ಮೇಲೆ ಅವನ ಕಾಲಿಗೆ ಪೆಡಲು ಸಿಕ್ಕಿತು. ದಪ್ಪ ಸೂಜಿ ಹಾಕಿ, ಪಟ್ಟಿ ಒಳಸೇರಿಸಿ ಹೊಲಿಯತೊಡಗಿದ. ಇತ್ತ ಹೆಂಡತಿ ಆ ಹೆಂಗಸಿಗೆ ಶುರು ಮಾಡಿಯೇಬಿಟ್ಟಳು. ಅಮ್ಮ, ಹಾಸಿಗೆ, ಹನ್ನೊಂದು ವರ್ಷಕ್ಕೆ ಹತ್ತು ಬೆರಳು, ಮತ್ತೆ ಒಂದು. ಕೊನೆಗೆ ಕೈ ಹಿಡಿಯುವ ಘಟ್ಟ ಬಂದಾಗ, ಅಭ್ಯಾಸದಂತೆ, ಹೊಲಿಯುತ್ತಿದ್ದವನ ಬಲಗೈಯನ್ನು ಬಟ್ಟೆಯ ಮೇಲಿಂದ ಎತ್ತಿದಳು.

"ಬಿಡು," ಅಂದ ಅವನು. "ನಾನು ಕೈ ಹಿಡ್ಕೊಂಡಿರಲಿಲ್ಲ."

"ಏನಂದ್ರಿ?"

"ಮಿಶನ್ ಮೇಲಿದ್ದೆ. ಹಿಂಗೇ."

ಅವಳು ಕೈ ಬಿಡಲಿಲ್ಲ. ಮಿಶನ್ನಿನ ಹೆಂಗಸು ಇಬ್ಬರ ಮುಖವನ್ನೂ ನೋಡಿ ನಗು ನಿಲ್ಲಿಸಿದಳು. ಅವನು ಹೇಳಿದ. ಪ್ಯಾಂಟಿನ ವಿಷಯ, ನಾಲ್ಕು ಗಂಟೆಯ ವಿಷಯ, ಎರಡನೆಯ ಕಾಲಿನ ವಿಷಯ, ಯಾವುದೋ ಮೂರನೆಯವನ ಕಥೆ ಹೇಳುವ ಹಾಗೆ ಹೇಳಿದ.

"ಅಮ್ಮ ಕರೆದ್ಲಾ?"

"ಮೂರು ಸಲ."

"ಯಾರನ್ನ?"

ಆಗ ಅವನ ಎದೆ ಹೊಡೆದುಕೊಂಡಿತು. ಅಷ್ಟು ತಿಂಗಳಲ್ಲಿ ಅವನ ಮೈಯಲ್ಲಿ ಏನೋ ಆದದ್ದು ಅದೇ ಮೊದಲು. ಅದು ಹೆದರಿಕೆ.

"ನನ್ನನ್ನೇ," ಅಂದ. "ಟೇಲರ್ರೇ ಅಂತ."

ಅವಳು ಅವನ ಕೈಯನ್ನು ಕೊಡವಿ ಬಿಟ್ಟಳು. "ಕರೆದಾಗ ಏಳೋಕೆ ಏನ್ರೀ ದೊಡ್ಡ ರೋಗ ಬಂದಿತ್ತು ನಿಮಗೆ? ಹೆಣದಂಥವಳು, ಮೂರು ಸಲ ಕೂಗೋಕೆ ಎಷ್ಟು ಕಷ್ಟಪಟ್ಟಿರ್ಬೇಕು! ಯಾವನದೋ ಪ್ಯಾಂಟು ಹೆಚ್ಚಾಯ್ತಾ?" ಬಸ್ ನಿಲ್ದಾಣವೆಲ್ಲ ತಿರುಗಿ ನೋಡಿತು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಬೈಯಲಿ, ಇನ್ನೂ ಬೈಯಲಿ ಅನ್ನಿಸಿತು. ಬಸ್ಸು ಹೋಯಿತು.

ಎರಡು ದಿನ ಅವಳು ಮಾತು ಬಿಟ್ಟಳು. ಅವನು ಎರಡೂ ಬ್ಯಾಗು ಹೊತ್ತು ಹಿಂದೆ ಹಿಂದೆ ನಡೆದ. ಎಲ್ಲಿ ಹೋಗುತ್ತಿದ್ದೇವೆಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಯಾರಿಗೂ ಅವಳು ಅಮ್ಮನ ಕಥೆ ಹೇಳಲಿಲ್ಲ. ತಾನು ಮಾಡಿದ್ದು ಸರಿಯಾಯಿತು, ಏಟು ತನ್ನ ಮೇಲೇ ಬಿತ್ತು, ಅವಳಿಗೆ ತಾಕಲಿಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ.

ಮೂರನೆಯ ದಿನ ಬೆಳಿಗ್ಗೆ ದ್ವೀಪದ ದೋಣಿಯಲ್ಲಿ, ಕೋಳಿಬುಟ್ಟಿ, ಸೈಕಲ್ಲು, ಜನರ ನಡುವೆ, ಅವಳೇ ಬಂದು ಪಕ್ಕದಲ್ಲಿ ಕೂತಳು. ಮುಖ ಊದಿಕೊಂಡಿತ್ತು.

"ಒಂದು ಕೇಳ್ತೀನಿ. ಮೂರು ಸಲ ಕರೆದ್ಲು ಅಂದ್ರಲ್ಲ. ಮೂರೂ ನಿಮ್ಮನ್ನೇನಾ?"

ಅವನು ಬ್ಯಾಗನ್ನು ಕಾಲ ಬಳಿಗೆ ಎಳೆದುಕೊಂಡ.

"ಒಂದ್ ಸಲಾನೂ ಪುಟ್ಟೀ ಅನ್ಲಿಲ್ವಾ ಅವ್ಳು?" ಅವಳು ಮೂಗೊರೆಸಿಕೊಂಡಳು. "ಬೆಳಿಗ್ಗೆ ರಜ ಹಾಕು ಅಂದಿದ್ಲು. ಹಾಕ್ಲಿಲ್ಲ ಅಂತ ಮುಖ ತಿರುಗಿಸಿದ್ಲು. ಆ ಕೋಪದಲ್ಲೇ ಹೋದ್ಲೇನೋ ಕಣ್ರೀ. ಸಾಯೋವಾಗಲೂ ನನ್ನನ್ನ ಕರೀಬೇಕು ಅನ್ನಿಸಲಿಲ್ಲ ನೋಡಿ."

ಟೇಲರ್ ಅವಳ ಕಡೆ ತಿರುಗಿದ. "ಕರೆದ್ರು ಕಣೇ," ಅಂದ. "ಮೂರು ಸಲವೂ ನಿನ್ನನ್ನೇ. ಪುಟ್ಟೀ ಅಂತಲೇ. ನನ್ನನ್ನ ಕರೀಲೇ ಇಲ್ಲ. ಮೊನ್ನೆ ಹೇಳಿದ್ದು ಸುಳ್ಳು."

ಅವಳು ಅವನನ್ನೇ ನೋಡಿದಳು. ಬೈಯಲಿಲ್ಲ. ಎರಡು ದಿನದಲ್ಲಿ ಮೊದಲ ಸಲ ಅವನ ತೋಳಿನ ಮೇಲೆ ಕೈಯಿಟ್ಟಳು.

"ಹೋಗ್ಲಿ ಬಿಡಿ. ನಾನು ಅಳ್ತಿದೀನಿ ಅಂತ ಏನೇನೋ ಕಟ್ಟಿ ಹೇಳ್ಬೇಡಿ."

"ಕಟ್ಟಿ ಹೇಳ್ತಿಲ್ಲ! ನಿನ್ನಾಣೆ!"

"ಆಣೆ ಗೀಣೆ ಬೇಡ. ನಿಮಗೂ ಸುಸ್ತಾಗಿದೆ."

ಅವನಿಗೆ ಅಳು ಬಂತು. ಹನ್ನೊಂದು ವರ್ಷದ್ದು, ಆರು ತಿಂಗಳದ್ದು ಎಲ್ಲ ಸೇರಿ ಬಂತು. ಸೀಟು ಹಿಡಿದುಕೊಂಡು, ಮೂಗು ಬಾಯಿ ಒಂದು ಮಾಡಿಕೊಂಡು, "ಪುಟ್ಟೀ ಅಂದ್ರು ಕಣೇ, ಪುಟ್ಟೀ ಅಂದ್ರು" ಎಂದು ಕೂಗಿದ. ಕೋಳಿಬುಟ್ಟಿಯವರು ತಿರುಗಿ ನೋಡಿದರು.

ಹೆಂಡತಿ ಬಾಟಲಿಯ ಮುಚ್ಚಳ ತೆಗೆದು ಅವನ ಬಾಯಿಯ ಹತ್ತಿರ ಹಿಡಿದಳು. "ಆಯ್ತು, ಅಂದ್ಲು ಬಿಡಿ," ಅಂದಳು. "ನೀರು ಕುಡೀರಿ."