ಸೇಬಿನ ಮರ ಬೇಡವೆಂದ ದೇವಕಿ ಅಕ್ಕೋರು

ಸಿದ್ದಾಪುರದ ನಮ್ಮ ಶಿಶುವಿಹಾರದಲ್ಲಿ ಟೀಚರ್ ಆಗಿದ್ದ ದೇವಕಿ ಅಕ್ಕೋರಿಗೆ ಬಿದ್ದ ಹೆಸರು ‘ಮೊಂಡಿ’. ಇಟ್ಟವರು ಕಾರ್ಯದರ್ಶಿ ರಘುಪತಿ ಭಟ್ಟರು. ಪಕ್ಕದ ಕೋಣೆಯಲ್ಲಿ ಪಾಠ ಹೇಳುತ್ತಿದ್ದ ನನಗೆ ಆ ಹೆಸರು ಬಹಳ ಇಷ್ಟ. ನಮ್ಮಲ್ಲಿ ಅಂಥವರು ಒಬ್ಬರಾದರೂ ಇದ್ದರಲ್ಲ!

ಎರಡು ಸಾವಿರದ ನಾಲ್ಕರಲ್ಲಿ ಶಿರಸಿಯ ದಾನಿಗಳೊಬ್ಬರು ಒಂದು ಕಂಪ್ಯೂಟರ್ ಕೊಟ್ಟರು, ಜೊತೆಗೊಂದು ಸಿ.ಡಿ. ಅದರಲ್ಲಿ ಪುಟಾಣಿಗಳು ಚಿತ್ರ ಬಿಡಿಸಿ, ಮೈಕಿನಲ್ಲಿ ಕಥೆ ಹೇಳಿ ಸೇರಿಸಬಹುದಿತ್ತು. ಸೇಬಿನ ಮರ, ಹಿಮದ ಬೊಂಬೆ ಮುಂತಾದ ಸಿದ್ಧ ಚಿತ್ರಗಳೂ ಇದ್ದವು. ಅಕ್ಕೋರು ಅವನ್ನು ಮುಟ್ಟಲಿಲ್ಲ.

“ಅವ್ಕೆ ಕೈ ಇದ್ದಲೆ, ಬರೀಲಿ” ಎಂದರು ನನ್ನ ಹತ್ತಿರ. ಕೈ ಇರುವಾಗ ಮಕ್ಕಳು ತಾವೇ ಬರೆಯಲಿ ಎಂಬುದು ಅವರ ವಾದ.

ದಾನಿಗಳು ನೋಡಲು ಬರುವ ದಿನ ಭಟ್ಟರು ಕಟ್ಟುನಿಟ್ಟಾಗಿ ಹೇಳಿದ್ದರು: ಸೇಬಿನ ಮರ ತಯಾರಿರಲಿ, ಮಗು ಬಟನ್ ಒತ್ತಿದರೆ ಸಾಕು. ಮಾನ ಹೋದರೆ ಕಂಪ್ಯೂಟರ್ ಮಕ್ಕಳ ಕೋಣೆಯಿಂದ ಆಫೀಸಿಗೆ ಹೋಗುತ್ತದೆ.

ಅಕ್ಕೋರು ನಮ್ಮೂರ ದ್ಯಾಮಪ್ಪನ ಐದು ವರ್ಷದ ಮಗಳು ಭೂಮಿಕಾಳನ್ನು ಕೂರಿಸಿ, ನಿನಗೆ ಬೇಕಾದ್ದು ಬರಿ ಎಂದರು. ಮಗು ಮನೆ ಬರೆಯಿತು, ಅಂಗಳದಲ್ಲಿ ಹಂದಿ ಬರೆಯಿತು. ಮೈಕ್ ಹಿಡಿದು, “ಹಂದಿ ಬಂತು. ಅಪ್ಪ ಬ್ಯಾಟ್ರಿ ಹುಡುಕ್ದ. ಕರೆಂಟ್ ಹೋತು” ಎಂದು ಹೇಳಿ, ಬಣ್ಣದ ಬಕೆಟ್ಟಿನಿಂದ ಕಪ್ಪು ಸುರಿದುಬಿಟ್ಟಿತು. ಪರದೆ ಪೂರ್ತಿ ಕಪ್ಪು.

“ಹಂದಿ ಎಲ್ಲಿ ಪುಟ್ಟಿ?” ದಾನಿಗಳು ಕೇಳಿದರು.

“ಅಲ್ಲೇ ಐತೆ. ಕರೆಂಟಿಲ್ಲ, ಹೆಂಗ್ ಕಾಣ್ತೈತೆ?”

ಭಟ್ಟರ ಮುಖ ಕೆಂಪಾಯಿತು. “ತಂಗಿ, ಅದನ್ನ ಅಳಿಸು. ಸೇಬಿನ ಮರ ಹೇಳಿದ್ನಲೆ!”

“ಆನು ಅಳಿಸ್ತ್ನಿಲ್ಲೆ ಭಾವ. ಕೂಸಿನ ಕಥೆ ಮುಗದ್ದಿಲ್ಲೆ.”

‘ತಂಗಿ’, ‘ಭಾವ’ ಎಂಬುದು ನಮ್ಮ ಕಡೆ ಕರೆಯುವ ರೂಢಿಯಷ್ಟೆ, ನೆಂಟಸ್ತಿಕೆಯಲ್ಲ. ಕಪ್ಪು ಚಿತ್ರವನ್ನು ಅಕ್ಕೋರು ಹಾಗೆಯೇ ಸೇವ್ ಮಾಡಿದರು. ದಾನಿಗಳು ಚಹಾ ಕುಡಿದು ಹೊರಟರು. ಸೋಮವಾರ ಕಂಪ್ಯೂಟರ್ ಆಫೀಸಿನಲ್ಲಿತ್ತು, ಅದರ ಮುಂದೆ ಭಟ್ಟರು. ಅವರಿಗೆ ಅದನ್ನು ಆನ್ ಮಾಡಲೂ ಬರುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆದರೆ ನಾನು ಸುಮ್ಮನಿದ್ದೆ, ಅಕ್ಕೋರು ಸುಮ್ಮನಿರಲಿಲ್ಲ. ಕಥೆಯ ಹೊತ್ತಿಗೆ ಸರಿಯಾಗಿ ಮಕ್ಕಳನ್ನೆಲ್ಲ ಸಾಲು ಮಾಡಿ ಆಫೀಸಿಗೇ ನುಗ್ಗಿಸಿದರು.

“ಏಳು ಭಾವ, ಮಕ್ಕಳ ಹೊತ್ತಾತು.”

“ಇದು ಆಫೀಸು!”

“ಗೊತ್ತಿದ್ದು. ಕಂಪ್ಯೂಟರ್ ಕೊಟ್ಟಿದ್ದು ಮಕ್ಕಳಿಗೆ.”

ಮಕ್ಕಳು ಮೇಜಿನ ಸುತ್ತ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದವು. ಗದರಿದರೂ ಒಂದೂ ಏಳಲಿಲ್ಲ. ಬಾಗಿಲಲ್ಲಿ ನಾವೆಲ್ಲ ನೋಡುತ್ತಿದ್ದೆವು. ಕೊನೆಗೆ ಭಟ್ಟರೇ ಗೊಣಗುತ್ತ ಎದ್ದು ಗೋಡೆಗೆ ಒರಗಿ ನಿಂತರು. ಭೂಮಿಕಾ ಅವರ ಕುರ್ಚಿ ಹತ್ತಿದಳು, ಅವರನ್ನೊಮ್ಮೆ ನೋಡಿದಳು, ಮೈಕ್ ಹಿಡಿದಳು.

“ಕರೆಂಟ್ ಬಂತು. ನೋಡಿದ್ರೆ ಹಂದಿ ಅಪ್ಪನ್ ಕುರ್ಚಿ ಮ್ಯಾಲೆ ಕೂತಿತ್ತು. ಏಳು ಅಂದ್ರೂ ಏಳ್ಲಿಲ್ಲ.”

ನಾವೆಲ್ಲ ಗೋಡೆಗೆ ಒರಗಿದ್ದ ಭಟ್ಟರತ್ತ ನೋಡಿದೆವು. ದೇವಕಿ ಅಕ್ಕೋರು ಮೈಕನ್ನು ಮಗುವಿನ ಬಾಯಿಗೆ ಇನ್ನಷ್ಟು ಹತ್ತಿರ ತಂದರು.

“ಜೋರಾಗಿ ಹೇಳು, ಕೂಸೇ.”