ಗಾಜಿನಾಚೆಯ ಮಾತು

ಹರಿಹರ ಸ್ಟೇಷನ್ನಿನಲ್ಲಿ ಅಂದು ಕಂಡದ್ದರಲ್ಲಿ ಎಷ್ಟು ನಿಜ, ಎಷ್ಟು ನನ್ನ ಓದಿನ ಬಣ್ಣ ಎಂಬುದು ಆಗ ಖಾತ್ರಿಯಿರಲಿಲ್ಲ. ಮಗ್ಗಗಳ ಅಬ್ಬರದಲ್ಲಿ ಲ್ಯಾಂಕಷೈರಿನ ಗಿರಣಿ ಕಾರ್ಮಿಕರು ತುಟಿ ನೋಡಿಯೇ ಹರಟುತ್ತಿದ್ದರೆಂದು ಬ್ರಿಟನ್ನಿನ ಕೈಗಾರಿಕಾ ಚರಿತ್ರೆಯಲ್ಲಿ ಓದಿದ್ದೆ, ನಂಬಿರಲಿಲ್ಲ.

ಹುಬ್ಬಳ್ಳಿ ರೈಲಿನ ಎ.ಸಿ. ಬೋಗಿಯ ಗಾಜಿನ ಹಿಂದೆ ಮುದುಕರೊಬ್ಬರು ತುಟಿ ಆಡಿಸುತ್ತಿದ್ದರು. ನನ್ನ ಪಕ್ಕ ನಿಂತಿದ್ದ ಚನ್ನಬಸಪ್ಪ ಎಂಬ ಹಿರಿಯರು ಸದ್ದಿಲ್ಲದೆ ಉತ್ತರಿಸುತ್ತಿದ್ದರು. ಇಬ್ಬರೂ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಅಕ್ಕಪಕ್ಕದ ಮಗ್ಗ ನಡೆಸಿದವರಂತೆ.

"ಏನಂತಾರ್ರೀ?" ಎಂದೆ. ಚನ್ನಬಸಪ್ಪನವರಿಗೆ ಕಿವಿ ಕೇಳದು. ನನ್ನ ತುಟಿ ನೋಡಿ ಹೇಳಿದರು:

"ನಮ್ ರುದ್ರಪ್ಪಗ ಹಾರ್ಟ್ ಆಪರೇಷನ್ ಐತೆ. ಬ್ಯಾಡ, ಇಳೀತೀನಿ ಅಂತಾನ. ಇಳಿದ್ರ ಕಾಲು ಮುರೀತೀನಿ, ಆಮ್ಯಾಲೆ ಮೂಳೆ ಡಾಕ್ಟ್ರನ್ನ ಹುಡುಕು ಅಂದೆ."

ಗಾಜಿನಾಚೆ ರುದ್ರಪ್ಪ ನಗುತ್ತ ಕೂತರು. ರೈಲು ಹೊರಟಿತು. ನಾನು ಬೆರಗಾದೆ, ಆದರೂ ಅಷ್ಟುದ್ದದ ಮಾತು ಬರೀ ತುಟಿಯಲ್ಲಿ ದಾಟೀತೇ ಎಂಬ ಅನುಮಾನ ಉಳಿಯಿತು. ಚನ್ನಬಸಪ್ಪನವರಿಂದ ರುದ್ರಪ್ಪನವರ ನಂಬರ್ ಬರೆದುಕೊಂಡೆ.

ಎರಡು ವಾರದ ಮೇಲೆ ರುದ್ರಪ್ಪನವರಿಗೆ ಫೋನ್ ಮಾಡಿದೆ. ಆಪರೇಷನ್ ಆಗಿ ಮನೆಗೆ ಬಂದಿದ್ದರು.

"ಹೌದ್ರಿ, ಕಾಲು ಮುರೀತೀನಿ ಅಂದಿದ್ದ," ಎಂದರು. "ನೀ ಸತ್ ಹೋದ್ರ ನಾ ಯಾರ ಕೂಡ ಮಾತಾಡ್ಲಿ ಅಂತಾನೂ ಅಂದ. ಅದನ್ನ ನಿಮಗ ಹೇಳಿರಂಗಿಲ್ಲ ಬಿಡ್ರಿ."