ಬರ್ಮಾ ಡಾಕ್ಟರ ಮೂಗು

ಅವರು ಸಾಯಬೇಕೆಂದು ಸತ್ತವರಲ್ಲ. ಅವರಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಗ್ಯಾಸ್ ಸೋರಿ ಅಡುಗೆಮನೆ ತುಂಬಿದ್ದು ಮೂಗಿಗೆ ಬೀಳಲಿಲ್ಲ, ಕಡ್ಡಿ ಗೀರಿದರು. ನಡೆದದ್ದು ಇಷ್ಟೇ. ಇದನ್ನು ಇಪ್ಪತ್ತು ವರ್ಷದ ಹಿಂದೆಯೇ ಹೇಳಬೇಕಾಗಿದ್ದವಳು ನಾನು. ಹೇಳಲಿಲ್ಲ.

ಹೋದ ಸೋಮವಾರ ಅಟ್ಟದ ಮೇಲಿದ್ದ ಕಡಲೆಕಾಯಿ ಎಣ್ಣೆಯ ಡಬ್ಬ ಇಳಿಸಿ ಮುಚ್ಚಳ ತೆಗೆದೆ. ಎಣ್ಣೆ ಕಮಟು ಹತ್ತಿತ್ತು. ಸೊಸೆ ಮೂಗು ಮುಚ್ಚಿಕೊಂಡು, ಚೆಲ್ಲಿಬಿಡಿ ಅತ್ತೆ, ಅಂದಳು. ನಾನು ಡಬ್ಬದ ಬಾಯಿಗೆ ಮೂಗಿಟ್ಟು ಹಾಗೇ ನಿಂತುಬಿಟ್ಟೆ. ಇದಕ್ಕೆ ನಾಲ್ಕು ನಂಬರು ಕೊಡಬಹುದು ಎಂದು ಮನಸ್ಸು ತಾನೇ ಹೇಳಿತು. ಅವರ ಮನೆಯಲ್ಲಿ ಹನ್ನೆರಡು ವರ್ಷ ಮಾಡಿದ ಕೆಲಸ ಅದು, ಮೂಗು ಮರೆತಿಲ್ಲ...

ಒಂಟಿಕೊಪ್ಪಲಿನ ನಮ್ಮ ಮನೆಯಿಂದ ಯಾದವಗಿರಿಗೆ ನಡೆದೇ ಹೋಗುತ್ತಿದ್ದೆ. ಅಲ್ಲೊಂದು ಬಂಗಲೆಯ ಹಿಂದಿನ ಮನೆಯಲ್ಲಿ ಅವರು ಬಾಡಿಗೆಗಿದ್ದರು. ಬರ್ಮಾ ದೇಶದವರು. ಅಲ್ಲಿ ಓದಿ, ಅಲ್ಲೇನೋ ಗಲಾಟೆಯಾಗಿ, ಹೆಂಡತಿಯನ್ನೂ ಕೈಗೂಸನ್ನೂ ಕರೆದುಕೊಂಡು ಇಲ್ಲಿಗೆ ಬಂದವರು. ಮೂರನೇ ವರ್ಷಕ್ಕೆ ಹೆಂಡತಿ ತೀರಿಕೊಂಡರು. ಮಗಳಿಗೆ ಆಗ ನಾಲ್ಕು ತುಂಬಿತ್ತು, ನಾನು ಅಡುಗೆಗೆ ಸೇರಿಕೊಂಡೆ. ಬೀದಿಯವರೆಲ್ಲ ಅವರನ್ನು ಬರ್ಮಾ ಡಾಕ್ಟರು ಎನ್ನುತ್ತಿದ್ದರು. ಜ್ವರ ಬಂದ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಇವರು ಸೂಜಿ ಚುಚ್ಚುವ ಡಾಕ್ಟರಲ್ಲ, ಎಣ್ಣೆಯ ವಿಜ್ಞಾನಿ ಎಂದು ನಾನು ಬಾಗಿಲಲ್ಲೇ ನಿಂತು ಹೇಳಿ ಕಳಿಸುತ್ತಿದ್ದೆ.

ಕನ್ನಡವನ್ನು ಪುಸ್ತಕ ಇಟ್ಟುಕೊಂಡು ಕಲಿತಿದ್ದರು. ನನಗೆ ತಾವು ಎನ್ನುತ್ತಿದ್ದರು. ತಾವು ಸಾರಿಗೆ ಉಪ್ಪು ಹಾಕಿದ್ದೀರಾ, ತಾವು ಊಟ ಮಾಡಿದಿರಾ.

"ನಂಗೆ ತಾವುಗೀವು ಅನ್ಬೇಡಿ ಸಾರ್, ಯಾರಾದ್ರೂ ಕೇಳುಸ್ಕೊಂಡ್ರೆ ನಗ್ತಾರೆ" ಎಂದೆ ಒಂದು ದಿನ.

"ನಗಲಿ. ತಾವು ಇನ್ನೊಂದು ಸೌಟು ಸಾರು ಬಡಿಸಿ" ಎಂದರು.

ಮೀನಿಗೆ ಬಾಳೆದಿಂಡು ಹಾಕಿ ಸಾರು ಮಾಡಿ ಶಾವಿಗೆಯ ಮೇಲೆ ಸುರಿದುಕೊಳ್ಳುವುದು ಅವರ ಊರಿನ ಊಟ. ಅದನ್ನು ನನಗೆ ಅವರೇ ಕಲಿಸಿದರು.

ಆಹಾರದ ಪ್ರಯೋಗಾಲಯದಲ್ಲಿ ಅವರ ಕೆಲಸ ಎಂಥದ್ದು ಎಂದರೆ, ಎಣ್ಣೆ, ಕಾಳು, ಹಪ್ಪಳ ಎಲ್ಲವನ್ನೂ ಡಬ್ಬದಲ್ಲಿ ತಿಂಗಳುಗಟ್ಟಲೆ ಇಟ್ಟು ಯಾವುದು ಯಾವಾಗ ಕೆಡುತ್ತದೆ ಎಂದು ನೋಡುವುದು. ಆರು ಜನ ಕೂತು ಮೂಸಿ ಒಂದರಿಂದ ಒಂಬತ್ತರವರೆಗೆ ನಂಬರು ಹಾಕುತ್ತಾರಂತೆ. ಕೊನೆಯ ಮಾತು ಇವರದು. ಅಂಥ ಮೂಗು ಅವರಿಗಿತ್ತು.

ಮನೆಯಲ್ಲೂ ಆ ಮೂಗಿಗೆ ಕೆಲಸವಿತ್ತು. ನಾವು ಮಕ್ಕಳಿಗೆ ಮುತ್ತು ಕೊಡುತ್ತೇವೆ. ಅವರ ದೇಶದಲ್ಲಿ ಕೆನ್ನೆಗೆ ಮೂಗಿಟ್ಟು ಉಸಿರು ಎಳೆದುಕೊಳ್ಳುತ್ತಾರೆ, ಅದೇ ಮುದ್ದು. ಸಂಜೆ ಬಂದ ಕೂಡಲೇ ಮಗಳ ಕೆನ್ನೆ ಮೂಸಿ, ಇವತ್ತು ಸೀಬೆಕಾಯಿ ತಿಂದಿದ್ದೀಯ, ಇವತ್ತು ಯಾರದೋ ಡಬ್ಬಿಯ ಚಿತ್ರಾನ್ನ, ಎನ್ನುವರು. ಒಂದು ದಿನವೂ ತಪ್ಪುತ್ತಿರಲಿಲ್ಲ. ನಮ್ಮಪ್ಪನ ಮೂಗಿಗೆ ಗೊತ್ತಾಗದೆ ಇರುವುದು ಯಾವುದೂ ಇಲ್ಲ ಎಂದು ಆ ಹುಡುಗಿ ಬೀದಿ ತುಂಬ ಕೊಚ್ಚಿಕೊಳ್ಳುತ್ತಿದ್ದಳು.

ಅವಳಿಗೆ ಹತ್ತು ವರ್ಷವಿದ್ದಾಗ ಅವರು ಶೀತಜ್ವರ ಬಂದು ಹದಿನೈದು ದಿನ ಮಲಗಿದರು. ಎದ್ದ ಮೇಲೆ ಒಂದು ಭಾನುವಾರ ನಾನು ಹಾಲು ಒಲೆಯ ಮೇಲಿಟ್ಟು ಹಿತ್ತಲಿಗೆ ಹೋಗಿದ್ದೆ. ಬರುವಷ್ಟರಲ್ಲಿ ಪಾತ್ರೆ ತಳ ಹತ್ತಿ ಸೀದ ವಾಸನೆ ಹಿತ್ತಲಿಗೇ ಹೊಡೆಯುತ್ತಿತ್ತು. ಅವರು ಅಡುಗೆಮನೆಯ ಹೊಸಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ನಾನು ಓಡಿ ಬಂದದ್ದು ನೋಡಿ ತಲೆಯೆತ್ತಿ, ಏನಾಯಿತು, ಅಂದರು.

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಇಬ್ಬರಿಗೂ ಗೊತ್ತಾಗಿಹೋಯಿತು.

ಆಗ ಅವರು ಇಲ್ಲಿಯವರಾಗಿರಲಿಲ್ಲ. ವರ್ಷ ವರ್ಷವೂ ಕಚೇರಿಗೆ ಅಲೆದು, ಈ ದೇಶದಲ್ಲಿ ಇರಬಹುದು ಎಂಬ ಕಾಗದ ಮಾಡಿಸಿಕೊಂಡು ಬರಬೇಕಿತ್ತು. ಕೆಲಸವಿದ್ದರೆ ಕಾಗದ. ಮೂಗಿದ್ದರೆ ಕೆಲಸ. ಮಗಳನ್ನು ಕರೆದುಕೊಂಡು ವಾಪಸು ಹೋಗಲು ಅಲ್ಲಿ ಯಾರೂ ಉಳಿದಿರಲಿಲ್ಲ. ಇಷ್ಟನ್ನು ನಿಧಾನವಾಗಿ, ಪುಸ್ತಕದ ಕನ್ನಡದಲ್ಲಿ ನನಗೆ ಹೇಳಿದರು. ಆಮೇಲೆ ನನ್ನನ್ನು ಕೇಳಿದರು, "ತಮ್ಮ ಮೂಗು ಹೇಗಿದೆ?"

ಅಂದಿನಿಂದ ಸಣ್ಣ ಗಾಜಿನ ಸೀಸೆಗಳು ಚೀಲದಲ್ಲಿ ಮನೆಗೆ ಬರತೊಡಗಿದವು. ನಾನು ಮೂಸುತ್ತಿದ್ದೆ, ಹೇಳುತ್ತಿದ್ದೆ, ಅವರು ನಂಬರು ಬರೆದುಕೊಳ್ಳುತ್ತಿದ್ದರು. ಮೊದಲು ಬೈಸಿಕೊಂಡೆ. ಕೆಟ್ಟಿದೆ ಎಂದರೆ ಸಾಲದು, ಎಷ್ಟು ಕೆಟ್ಟಿದೆ, ಹುಲ್ಲಿನ ವಾಸನೆಯೋ, ಬಣ್ಣದ ಡಬ್ಬದ ವಾಸನೆಯೋ ಎಂದು ಬಿಡಿಸಿ ಹೇಳಬೇಕಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಮೂಗನ್ನು ನಂಬಿ ಅವರ ದೊಡ್ಡ ದೊಡ್ಡ ಲೇಖನಗಳು ಅಚ್ಚಾದವು. ಅದು ಸರಿಯೋ ತಪ್ಪೋ ನಾನು ಯೋಚಿಸಲಿಲ್ಲ. ಸುಳ್ಳು ನಂಬರಂತೂ ಒಂದನ್ನೂ ಹೇಳಿಲ್ಲ.

ಮಗಳಿಗೆ ತಿಳಿದರೆ ಬೀದಿಗೆಲ್ಲ ತಿಳಿದಂತೆ, ಹಾಗಾಗಿ ಅವಳ ಆಟವೂ ನನ್ನ ತಲೆಗೇ ಬಂತು. ಶಾಲೆಯಿಂದ ಬಂದವಳ ಹತ್ತಿರ ನಿಂತರೆ ಏನು ತಿಂದಳೆಂದು ನನಗೆ ತಿಳಿಯುತ್ತಿತ್ತು. ಸಂಜೆ ಅವರಿಗೆ ನೀರು ಕೊಡುವಾಗ ಮೆಲ್ಲಗೆ, ನೆಲ್ಲಿಕಾಯಿ, ಎನ್ನುತ್ತಿದ್ದೆ. ಅವರು ಹೋಗಿ ಕೆನ್ನೆಗೆ ಮೂಗಿಟ್ಟು, ನೆಲ್ಲಿಕಾಯಿ, ಎನ್ನುತ್ತಿದ್ದರು. ಹುಡುಗಿ ಕುಣಿಯುತ್ತಿದ್ದಳು. ಅವರು ಮಾತ್ರ ಕೆನ್ನೆಯಿಂದ ಮೂಗು ತೆಗೆಯಲು ಸ್ವಲ್ಪ ಹೊತ್ತು ಮಾಡುತ್ತಿದ್ದರು...

ಒಂದು ಕಟ್ಟಳೆ ನಾನು ಹಾಕಿದ್ದೆ. ಒಲೆ ನಾನೇ ಹಚ್ಚಬೇಕು. ನಾನು ಬರುವ ತನಕ ಅವರು ಅಡುಗೆಮನೆಗೆ ಕಾಲಿಡಬಾರದು.

ಮುಂದೆ ಅವರು ಇಲ್ಲಿಯವರೇ ಆದರು, ಕೆಲಸದಿಂದ ನಿವೃತ್ತರೂ ಆದರು. ಈಗಲಾದರೂ ಮಗಳಿಗೆ ಹೇಳಿ ಸಾರ್ ಎಂದೆ. ನಾನೇ ಹೇಳುತ್ತೇನೆ, ತಾವು ಹೇಳಬಾರದು ಎಂದು ಮಾತು ತೆಗೆದುಕೊಂಡರು. ವರ್ಷ ಕಳೆಯಿತು. ಮಗಳು ತಾನು ಮೆಚ್ಚಿದ ಹುಡುಗನನ್ನು ಮದುವೆಯಾಗಿ ಹಾಸನಕ್ಕೆ ಹೋಗುತ್ತೇನೆ ಎಂದಳು. ಅವರು ಆಗಲಿ ಎಂದರು. ಆದರೆ ಅಂದಿನಿಂದ ಮಾತು ಕಡಿಮೆ ಮಾಡಿದರು. ಒಂದು ವಾರ ಹಾಗೇ ಇದ್ದರು. ನಾನು ಕೇಳಿದ್ದಕ್ಕೆ, ಅವಳು ಹೊರಡುವ ಮುಂಚೆ ಮೂಗಿನ ವಿಷಯ ಹೇಳಬೇಕು, ಎಲ್ಲಿಂದ ಶುರು ಮಾಡಲಿ ಎಂದು ತಿಳಿಯುತ್ತಿಲ್ಲ, ಅಂದರು.

ಮರುದಿನ ಮಂಡಕಳ್ಳಿಯ ನನ್ನ ತಂಗಿಯ ಮನೆಯಲ್ಲಿ ನಾಮಕರಣ. ಬರುವುದು ರಾತ್ರಿ ಒಂಬತ್ತಾಗುತ್ತದೆ, ಒಲೆ ಮುಟ್ಟಬೇಡಿ ಎಂದು ಹೇಳಿಯೇ ಹೋಗಿದ್ದೆ. ಗ್ಯಾಸಿನ ಪೈಪನ್ನು ಇಲಿ ಕಡಿದಿತ್ತು. ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಮಗಳು ಮುಂಬಾಗಿಲಿಂದ ಹಾಲು ತರಲು ಹೋಗಿದ್ದಳು. ಅವರಿಗೆ ಚಹಾ ಬೇಕೆನಿಸಿತು.

ಎರಡು ದಿನ ಆಸ್ಪತ್ರೆಯಲ್ಲಿದ್ದರು, ಮಾತಿರಲಿಲ್ಲ. ಪೊಲೀಸಿನವರು ಬಂದು, ಅಷ್ಟು ಗ್ಯಾಸ್ ತುಂಬಿದ್ದು ಅವರಿಗೆ ಗೊತ್ತಾಗಲಿಲ್ಲವಾ ಎಂದು ನನ್ನನ್ನೇ ಕೇಳಿದರು. ನಂಗೊತ್ತಿಲ್ಲ ಸ್ವಾಮಿ, ನಾನು ಆಮೇಲೆ ಬಂದೋಳು, ಅಂದೆ. ಕೊಟ್ಟ ಮಾತಿತ್ತು. ಅವರು ಇಷ್ಟು ವರ್ಷ ಮಾಡಿದ ಕೆಲಸವೆಲ್ಲ ಸುಳ್ಳು ಎಂದು ಯಾರಾದರೂ ಅಂದಾರು ಎಂಬ ಹೆದರಿಕೆಯೂ ಇತ್ತು. ಪಕ್ಕದಲ್ಲಿ ಮಗಳು ನಿಂತಿದ್ದಳು. ಅವಳೂ ಕೇಳಿಸಿಕೊಂಡಳು. ಪೊಲೀಸಿನವರು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ ಎಂದು ನಾನು ತಿಳಿದೆ.

ಆ ಮದುವೆ ಆಗಲಿಲ್ಲ. ಅವಳೇ ಬೇಡವೆಂದಳು. ದುಃಖದಲ್ಲಿದ್ದಾಳೆ, ಸರಿಹೋಗುತ್ತಾಳೆ ಅಂದುಕೊಂಡೆ. ಈಗ ಕುವೆಂಪುನಗರದಲ್ಲಿ ಒಬ್ಬಳೇ ಇದ್ದಾಳೆ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ.

ಎಣ್ಣೆಯ ಡಬ್ಬ ತೆಗೆದ ಮರುದಿನ, ಮಂಗಳವಾರ, ಅವಳನ್ನು ನೋಡಿ ಎಷ್ಟು ದಿನವಾಯಿತು ಎಂದು ಹೋದೆ. ಅವಳ ಮನೆಯಲ್ಲಿ ಇರುವುದು ಕರೆಂಟಿನ ಒಲೆ. ಹಿಂದೆಯೂ ಎಷ್ಟೋ ಸಲ ಅದಕ್ಕೆ ಆಡಿಕೊಂಡಿದ್ದೆ. ಅವತ್ತೂ ಆಡಿಕೊಂಡೆ.

"ಕರೆಂಟು ಹೋದ್ರೆ ಉಪವಾಸನಾ ಕೂಸೇ? ಇಷ್ಟು ಓದಿದೋಳು ಒಂದು ಸಿಲಿಂಡರ್ ತರಿಸ್ಕೊಳ್ಳೋಕಾಗಲ್ವಾ?"

ಪ್ರತಿ ಸಲ ನಕ್ಕು ಸುಮ್ಮನಾಗುತ್ತಿದ್ದಳು. ಈ ಸಲ ನಗಲಿಲ್ಲ.

"ಅಪ್ಪ ಬೇಕೂಂತ ಮಾಡ್ಕೊಂಡ್ರು ಅಕ್ಕ. ಅವರ ಮೂಗಿಗೆ ಗ್ಯಾಸ್ ಗೊತ್ತಾಗದೆ ಇರುತ್ತಾ? ನಾನು ಬಿಟ್ಟೋಗ್ತೀನಿ ಅಂದಿದ್ದಕ್ಕೆ ಒಂದು ವಾರ ಮಾತಾಡ್ಲಿಲ್ಲ, ಆಮೇಲೆ ಹಿಂಗೆ ಮಾಡ್ಕೊಂಡ್ರು. ನಿಂಗೂ ಗೊತ್ತಿದೆ, ನೀನೂ ಹೇಳಲ್ಲ."

ಇಪ್ಪತ್ತು ವರ್ಷ ಈ ಹುಡುಗಿ ಅಪ್ಪನನ್ನು ತಾನೇ ಕೊಂದೆ ಎಂದುಕೊಂಡು ಬದುಕಿದ್ದಳು. ಕೈಗೆ ಬಂದ ಮದುವೆ ಬಿಟ್ಟಿದ್ದಳು. ನಾನು ಹಬ್ಬಕ್ಕೊಮ್ಮೆ ಚಕ್ಕುಲಿ ತಂದುಕೊಟ್ಟು ಹೋಗುತ್ತಿದ್ದೆ. ಬರ್ತೀನಿ ಎಂದಷ್ಟೇ ಹೇಳಿ ಎದ್ದೆ. ಬಸ್ಸಿನಲ್ಲಿ ನಮ್ಮ ಸ್ಟಾಪು ದಾಟಿಹೋದದ್ದೂ ತಿಳಿಯಲಿಲ್ಲ. ಸೊಸೆ ಹಾಕಿದ ಅನ್ನ ಕಲಸಿ ಹಾಗೇ ಬಿಟ್ಟೆ.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಕುವೆಂಪುನಗರಕ್ಕೆ ಹೋದೆ. ಅವಳು ಸ್ಕೂಟರನ್ನು ಗೇಟಿನ ಹೊರಗೆ ತರುತ್ತಿದ್ದಳು. ಒಳಗೆ ಬಾ ಎಂದಳು. ಬೇಡ ಎಂದು ಅಲ್ಲೇ ನಿಂತು ಹೇಳಿದೆ. ಜ್ವರ, ಸೀದ ಹಾಲು, ಸೀಸೆಗಳು, ನೆಲ್ಲಿಕಾಯಿ, ಆ ಒಂದು ವಾರ ಅವರು ಯಾಕೆ ಮಾತಾಡಲಿಲ್ಲ, ಪೊಲೀಸಿಗೆ ನಾನು ಏನು ಹೇಳಿದೆ, ಯಾಕೆ ಹೇಳಿದೆ, ಎಲ್ಲ. ಅಳಲಿಲ್ಲ, ಅಳು ಬಂದರೆ ಅರ್ಧಕ್ಕೇ ನಿಲ್ಲುತ್ತದೆಂದು. ಅವಳು ಸ್ಕೂಟರಿನ ಹಿಡಿ ಬಿಡದೆ ಕೇಳಿದಳು. ಮುಗಿದ ಮೇಲೆ, ಇನ್ನೊಂದು ಸಲ ಹೇಳು, ಅಂದಳು. ಹೇಳಿದೆ. ಸ್ಕೂಟರು ನಿಲ್ಲಿಸಿ ಮೆಟ್ಟಿಲ ಮೇಲೆ ಕೂತು, ಇನ್ನೊಂದು ಸಲ, ಅಂದಳು. ಮತ್ತೂ ಹೇಳಿದೆ.

"ಇಪ್ಪತ್ತು ವರ್ಷ ಅಕ್ಕ" ಎಂದಳು. ಅಷ್ಟೇ.

ಅವಳು ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ.

ಫೋನು ತೆಗೆದು ಕಾಲೇಜಿಗೆ ಮಾಡಿದಳು. ಇವತ್ತು ಬರುವುದಿಲ್ಲ ಎಂದಳು. ಆ ಕಡೆಯವರು ಕಾರಣ ಕೇಳಿದರೆಂದು ಕಾಣುತ್ತದೆ.

"ನಮ್ಮಪ್ಪ ತೀರ್ಕೊಂಡಿದ್ದಾರೆ" ಎಂದಳು.

ಸಾವಾದ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ. ನಾನು ಎದ್ದು ಸರ್ಕಲ್ಲಿನ ಹೋಟೆಲಿಗೆ ಹೋಗಿ ಇಬ್ಬರಿಗೂ ಇಡ್ಲಿ ಕಟ್ಟಿಸಿಕೊಂಡು ಬಂದೆ.